ಬೂದಿಯ ಬೆನ್ನು: ಬೆಕ್ಕು ಹಿಡಿದ ಆರು ವಾರದ ಕೋಳಿಮರಿಯೊಂದರ ಪ್ರಕರಣ

ಮರಿ: ಜವಾರಿ ಹ್ಯಾಟೆ, ಬೂದು ಬಣ್ಣ, ವಯಸ್ಸು 42 ದಿನ, ತೂಕ 310 ಗ್ರಾಂ. ಗಾಯ: ಬೆನ್ನಿನ ಚರ್ಮ ಹರಿದಿದ್ದು, ಎಡ ರೆಕ್ಕೆಯ ಕಂಕುಳಲ್ಲಿ ಹಲ್ಲಿನ ಎರಡು ತೂತು. ಸ್ಥಳ: ಕೊಪ್ಪಳ ಜಿಲ್ಲೆ, ಗಂಗಾವತಿ ಕಡೆಯ ಒಂದು ಕಾಲುವೆ ಹಳ್ಳಿ. ಆರೈಕೆಯ ಅವಧಿ: 27 ದಿನ.

ನಮ್ಮ ಕಡೆ ಕೋಳಿಮರಿಗೆ ದೊಡ್ಡ ಗಾಯವಾದರೆ ಎರಡೇ ದಾರಿ. ಅರಿಷಿಣ ಮೆತ್ತಿ ಬುಟ್ಟಿ ಮುಚ್ಚುವುದು, ಇಲ್ಲವೇ ಅವತ್ತೇ ಸಾರು ಮಾಡುವುದು. ನಾನು ಮದುವೆಯಾಗಿ ಬಂದ ಮೇಲೆ ಹದಿನಾರು ವರ್ಷ ಇದನ್ನೇ ನೋಡಿದ್ದೇನೆ, ಮಾಡಿದ್ದೇನೆ ಕೂಡ. ಈ ಮರಿಯ ವಿಷಯದಲ್ಲಿ ಬೇರೆ ದಾರಿ ಹಿಡಿಯಲು ಕಾರಣ ನನ್ನ ಮಗಳು. ಅವಳು ಅದಕ್ಕೆ ಬೂದಿ ಎಂದು ಹೆಸರಿಟ್ಟಿದ್ದಳು, ಹೆಸರಿಟ್ಟದ್ದನ್ನು ಕೊಯ್ಯಲು ಬಿಡಲಿಲ್ಲ. ಆ 27 ದಿನ ಅವಳೇ ನೋಟ್‌ಬುಕ್ಕಿನಲ್ಲಿ ತೂಕ, ಹೊತ್ತು, ಔಷಧ ಬರೆದಿಟ್ಟಳು. ಕೆಳಗಿರುವ ಅಂಕಿಗಳೆಲ್ಲ ಆ ಪುಸ್ತಕದವು.

ಶನಿವಾರ ಸಂಜೆ

ಆಗಸ್ಟ್ ತಿಂಗಳು. ಕಾಲುವೆಗೆ ನೀರು ಬಂದು ನಾಟಿ ಮುಗಿದಿತ್ತು. ಆರು ವಾರವೆಂದರೆ ತಾಯಿಕೋಳಿ ಮರಿಗಳನ್ನು ಕುಕ್ಕಿ ದೂರ ಮಾಡುವ ಹೊತ್ತು. ಅದುವರೆಗೆ ಬೆಕ್ಕು ಕಂಡರೆ ಮೈಮೇಲೆ ಹಾರಿ ಹೋಗುತ್ತಿದ್ದ ತಾಯಿ ಈಗ ತನ್ನ ಪಾಡಿಗೆ ಮೇಯುತ್ತದೆ, ಮರಿಗಳು ಬುದ್ಧಿ ಬಾರದೆ ಒಂದೊಂದೇ ಅಲೆಯುತ್ತವೆ. ನಮ್ಮ ಒಂಬತ್ತು ಮರಿಗಳಲ್ಲಿ ಬೂದಿ ಬಣವಿಯ ಹಿಂದೆ ಒಂಟಿಯಾಗಿ ಕೆದರುತ್ತಿತ್ತು.

"ಅವ್ವಾ, ಬೂದೀನ ಬೆಕ್ಕು ಹಿಡದೈತಿ!"

ನಾನು ಓಡುವಷ್ಟರಲ್ಲಿ ಮಗಳು ಕಟ್ಟಿಗೆ ಎಸೆದು ಬಿಡಿಸಿದ್ದಳು. ಕೊರಳ ಬುಡದಿಂದ ಬಾಲದ ಕಡೆಗೆ ಚರ್ಮ ಸುಲಿದು, ಲಕೋಟೆಯ ಬಾಯಿಯಂತೆ ಒಂದು ಬದಿಗೆ ಮಡಚಿಕೊಂಡಿತ್ತು. ಗಾಯ ಸುಮಾರು ಐದು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲ. ಒಳಗಿನ ಕೆಂಪು ಮಾಂಸ, ಅದರ ಕೆಳಗೆ ಬೆನ್ನೆಲುಬಿನ ಏಣು ಎದ್ದು ಕಾಣುತ್ತಿತ್ತು. ರಕ್ತ ಮಾತ್ರ ಅಂಥದ್ದೇನೂ ಇರಲಿಲ್ಲ. ಇಷ್ಟು ದೊಡ್ಡ ಗಾಯ, ಇಷ್ಟು ಕಡಿಮೆ ರಕ್ತ. ಕೋಳಿಯ ಬೆನ್ನಿನ ಚರ್ಮ ತೆಳು, ಮಾಂಸಕ್ಕೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಎಳೆದರೆ ಬಟ್ಟೆಯಂತೆ ಸುಲಿದು ಬರುತ್ತದೆ. ನೋಡಿದವರ ಎದೆ ಒಡೆಯುತ್ತದೆ, ಆದರೆ ಅಂಥ ಗಾಯದಿಂದ ಮರಿ ಕೂಡಲೇ ಸಾಯುವುದಿಲ್ಲ ಎಂದು ಆಮೇಲೆ ತಿಳಿಯಿತು.

ಅತ್ತೆ ಪಡಸಾಲೆಯಿಂದ ಇಳಿದು ಬಂದು ನೋಡಿದರು. "ಇದೇನ್ ಉಳಿಯೂದಲ್ಲ ಬಿಡವಾ. ಜೀವ ಇರೂತ್ಲೇ ಕೊಯ್ದುಬಿಡ್ರಿ, ಸುಮ್ನ ಯಾಕ ನರಳಸ್ತೀರಿ?" ಅವರು ಹೇಳಿದ್ದರಲ್ಲಿ ಕ್ರೌರ್ಯವಿರಲಿಲ್ಲ. ಕರುಳು ಹೊರಬಂದ ಮರಿ, ಎರಡೂ ಕಾಲು ಸೆಳೆತವಿಲ್ಲದೆ ಜೋತುಬಿದ್ದ ಮರಿ, ಕುತ್ತಿಗೆಯನ್ನೇ ಎತ್ತಲಾಗದ ಮರಿ ಇದ್ದರೆ ನಾನೂ ಇವತ್ತಿಗೂ ಅದೇ ಮಾತು ಹೇಳುತ್ತೇನೆ. ಆದರೆ ಬೂದಿಯ ಕಾಲು ಹಿಡಿದು ನೋಡಿದಾಗ ಎರಡೂ ಕಾಲು ಬೆರಳು ಮಡಚಿ ನನ್ನ ಬೆರಳನ್ನು ಹಿಡಿದವು.

ಮೊದಲ ಒಂದು ಗಂಟೆ

ಇಲ್ಲಿ ನಾನು ಮಾಡಿದ ತಪ್ಪನ್ನು ಬರೆಯಲೇಬೇಕು. ಮರಿಯನ್ನು ಕಟ್ಟೆಯ ಮೇಲೆ ಬರೀ ಸಿಮೆಂಟಿಗೆ ಮಲಗಿಸಿ, ಬೆಟಾಡಿನ್ ಬಾಟಲಿ ಹುಡುಕುತ್ತಾ ಹತ್ತು ನಿಮಿಷ ಕಳೆದೆ. ಅಷ್ಟರಲ್ಲಿ ಅದರ ಕಣ್ಣು ಅರ್ಧ ಮುಚ್ಚಿತ್ತು, ರೆಕ್ಕೆ ಇಳಿಬಿದ್ದಿತ್ತು. ಪಾದವನ್ನು ಕೆನ್ನೆಗೆ ಒತ್ತಿ ನೋಡಿದರೆ ಮಡಕೆ ನೀರಿನಷ್ಟು ತಣ್ಣಗಿತ್ತು. ಕೋಳಿಯ ಮೈಕಾವು 41ರಿಂದ 42 ಡಿಗ್ರಿ ಸೆಲ್ಸಿಯಸ್. ಆಘಾತವಾದಾಗ ಆ ಕಾವು ಇಳಿಯುತ್ತದೆ, ಬೆನ್ನಿನ ಪುಕ್ಕ ಹೋದ ಮೇಲೆ ಇನ್ನೂ ಬೇಗ ಇಳಿಯುತ್ತದೆ. ಗಾಯ ತೊಳೆಯುವುದು ಅರ್ಧ ಗಂಟೆ ತಡವಾದರೂ ನಡೆಯುತ್ತದೆ, ಕಾವು ತಡವಾದರೆ ನಡೆಯುವುದಿಲ್ಲ.

ಬಿಸ್ಕತ್ತಿನ ರಟ್ಟಿನ ಡಬ್ಬಿಗೆ ಹಳೆ ಸೀರೆ ಹಾಸಿ, ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಒಂದು ಪಕ್ಕಕ್ಕಿಟ್ಟೆ. ಒಂದೇ ಪಕ್ಕಕ್ಕೆ, ಏಕೆಂದರೆ ಸೆಕೆಯಾದರೆ ಮರಿ ತಾನೇ ಸರಿಯಲು ಜಾಗ ಬೇಕು. ಮೇಲೆ ಬಟ್ಟೆ ಮುಚ್ಚಿ ಕತ್ತಲು ಮಾಡಿದೆ. ಬಲ್ಬು ಹಾಕೋಣವೆಂದರೆ ಮನೆಯಲ್ಲಿದ್ದವೆಲ್ಲ ಎಲ್‌ಇಡಿ, ಅವು ಬೆಳಕು ಕೊಡುತ್ತವೆ, ಕಾವು ಕೊಡುವುದಿಲ್ಲ. ನೀರು ಕುಡಿಸಲು ಅತ್ತೆ ಚಮಚ ತಂದರು, ನಾನೇ ಬೇಡವೆಂದೆ. ಕೋಳಿಯ ಉಸಿರಿನ ತೂತು ನಾಲಿಗೆಯ ಬುಡದಲ್ಲೇ ಇದೆ. ಸುಸ್ತಾದ ಮರಿಯ ಬಾಯಿಗೆ ನೀರು ಸುರಿದರೆ ಅದು ನೇರ ಶ್ವಾಸಕ್ಕೆ ಹೋಗುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಓಆರ್‌ಎಸ್ ಮುಟ್ಟಿಸಿ, ತಾನೇ ನುಂಗುವ ತನಕ ಕಾಯಬೇಕು.

ನಲವತ್ತು ನಿಮಿಷಕ್ಕೆ ಪಾದ ಬೆಚ್ಚಗಾಯಿತು. ಡಬ್ಬಿಯೊಳಗೆ ಎದ್ದು ನಿಂತ ಸದ್ದು ಕೇಳಿ ಮಗಳು ನನ್ನ ಸೆರಗು ಜಗ್ಗಿದಳು.

ತೊಳೆದದ್ದು, ಸಿಕ್ಕಿದ್ದು

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಬಾಜೂಮನೆಯ ಕಿರಾಣಿ ತಕ್ಕಡಿಯಲ್ಲಿ ತೂಗಿದ್ದು. ಆಸ್ಪತ್ರೆಯಲ್ಲಿ ಏರಿಸುವ ಸಲೈನಿನ ಹದವೂ ಇದೇ. ಉಪ್ಪು ಹೆಚ್ಚಾದರೆ ಗಾಯ ಉರಿಯುತ್ತದೆ, ಬರೀ ನೀರೂ ಹಸಿ ಮಾಂಸಕ್ಕೆ ಒಳ್ಳೆಯದಲ್ಲ. ನೀರು ಮುಂಗೈಗೆ ಬೆಚ್ಚಗೆ ತಾಕುವಷ್ಟಿರಬೇಕು. ಮಗಳು ಮರಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದಳು. "ಎದಿ ಒತ್ತಬ್ಯಾಡ" ಎಂದು ಎರಡು ಸಲ ಹೇಳಿದೆ. ಕೋಳಿಗೆ ನಮ್ಮಂತೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಉಸಿರಾಟ ನಡೆಸುವ ಪರದೆ, ಇಲ್ಲ; ಎದೆಗೂಡು ಏರಿಳಿದರೆ ಮಾತ್ರ ಅದಕ್ಕೆ ಉಸಿರು. ಬಿಗಿಯಾಗಿ ಹಿಡಿದ ಮರಿ ಕೈಯಲ್ಲೇ ಸತ್ತದ್ದನ್ನು ನಾನು ನೋಡಿದ್ದೇನೆ.

ಗಾಯದ ಸುತ್ತಲಿನ ಪುಕ್ಕವನ್ನು ಕೀಳದೆ ಕತ್ತರಿಯಿಂದ ಕತ್ತರಿಸಿದೆ. ಕಿತ್ತರೆ ಉಳಿದ ಚರ್ಮವೂ ಹರಿಯುತ್ತದೆ. ಕತ್ತರಿಸುವಾಗಲೂ ಹೊಸದಾಗಿ ಹುಟ್ಟುತ್ತಿರುವ, ಬುಡದಲ್ಲಿ ಕಪ್ಪು ನೀಲಿ ಕಾಣುವ ಮುಳ್ಳುಗರಿಗಳನ್ನು ಬಿಟ್ಟೆ. ಅವುಗಳೊಳಗೆ ರಕ್ತವಿರುತ್ತದೆ, ಕತ್ತರಿಸಿದರೆ ಸೋರುತ್ತಲೇ ಇರುತ್ತದೆ. ಆಮೇಲೆ ಸೂಜಿ ತೆಗೆದ 20 ಎಂಎಲ್ ಸಿರಿಂಜಿನಿಂದ ಉಪ್ಪುನೀರು ಚಿಮ್ಮಿಸಿ ತೊಳೆದೆ. ಮಣ್ಣು, ಹುಲ್ಲಿನ ಚೂರು, ಬೆಕ್ಕಿನ ಕೂದಲು ಬಂದವು. ಜೊತೆಗೆ ಅರಿಷಿಣ. ನಾನು ನೀರು ಕಾಯಿಸುವಾಗ ಅತ್ತೆ ಅಂಚಿಗೆ ಒಂದಿಷ್ಟು ಎಣ್ಣೆ ಅರಿಷಿಣ ಸವರಿದ್ದರು. ಅರಿಷಿಣ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಗೀರುಗಾಯಕ್ಕೆ ಇವತ್ತಿಗೂ ಹಚ್ಚುತ್ತೇನೆ. ಆದರೆ ಇಂಥ ಗಾಯದಲ್ಲಿ ದಿನಾ ಬಣ್ಣ ನೋಡಿ ತೀರ್ಮಾನ ಮಾಡಬೇಕಾಗುತ್ತದೆ. ಎಲ್ಲವೂ ಹಳದಿಯಾದರೆ ಕೀವು ಯಾವುದು, ಅರಿಷಿಣ ಯಾವುದು? ಮೇಲೆ ಕಟ್ಟಿದ ಹೆಕ್ಕಳಿಕೆಯ ಕೆಳಗೆ ಏನು ನಡೆದಿದೆಯೆಂದು ಯಾರಿಗೆ ಗೊತ್ತು?

ಬೆನ್ನು ತೊಳೆದು ಮುಗಿಯಿತೆಂದುಕೊಂಡೆ. ಆಗ ಮಗಳು, "ಅವ್ವಾ, ಇಲ್ಲಿ ನನ್ನ ಕೈ ಒದ್ದಿ ಆಗೈತಿ" ಎಂದಳು. ಎಡ ರೆಕ್ಕೆ ಎತ್ತಿದೆವು. ಕಂಕುಳಲ್ಲಿ ಸಾಸಿವೆ ಕಾಳಿನಷ್ಟು ಎರಡು ತೂತು, ನಡುವೆ ಒಂದು ಬೆರಳಿನಷ್ಟು ಅಂತರ. ಸುತ್ತ ನೀಲಿ ಬಾವು. ಮೆಲ್ಲಗೆ ಒತ್ತಿದರೆ ತೆಳು ಗುಲಾಬಿ ನೀರು ಬಂತು. ಬೆಕ್ಕಿನ ಕೋರೆಹಲ್ಲು ಸೂಜಿಯಂಥದ್ದು. ಹೊರಗೆ ಚುಕ್ಕೆ ಬಿಟ್ಟು ಒಳಗೆ ಆಳಕ್ಕೆ ಇಳಿಯುತ್ತದೆ, ಬಾಯಿಯೊಳಗಿನ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಟ್ಟು ಬರುತ್ತದೆ. ತೂತಿನ ಬಾಯಿ ಬೇಗ ಮುಚ್ಚಿ ನಂಜು ಒಳಗೇ ಉಳಿಯುತ್ತದೆ. ನಮ್ಮೆಲ್ಲರ ಕಣ್ಣು ಬೆನ್ನಿನ ಮೇಲಿತ್ತು. ಮರಿಯ ಜೀವ ನಿಂತದ್ದು ಆ ಎರಡು ಸಾಸಿವೆ ಕಾಳಿನ ಮೇಲೆ.

ಬೆಟಾಡಿನ್ ಅನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಬೆನ್ನಿಗೂ ತೂತುಗಳಿಗೂ ಹಾಯಿಸಿದೆ. ಸುಲಿದ ಚರ್ಮವನ್ನು ಕತ್ತರಿಸದೆ ಮೊದಲಿದ್ದ ಜಾಗಕ್ಕೇ ಎಳೆದು ಹೊದಿಸಿದೆ.

ಭಾನುವಾರ: ಡಾಕ್ಟರ ಮುಂದೆ

ಬೆಳಗ್ಗೆ ಇನ್ನೊಂದು ಹೊಸದು. ಕೊರಳ ಬುಡ ಪುಗ್ಗೆಯಂತೆ ಉಬ್ಬಿತ್ತು, ಮುಟ್ಟಿದರೆ ಚರ್ಮದ ಕೆಳಗೆ ಹಪ್ಪಳ ಮುರಿದಂತೆ ಚರಚರ ಅನ್ನುತ್ತಿತ್ತು. ಗಂಗಾವತಿಯಲ್ಲಿರುವ ಪರಿಚಯದ ಪಶುವೈದ್ಯರಿಗೆ ಫೋಟೊ ಕಳಿಸಿದೆ. ಬೆಕ್ಕು ಕಚ್ಚಿದ್ದೆಂದು ಕೇಳಿದ ಕೂಡಲೇ "ಸೋಮವಾರದ ತನಕ ಕಾಯಬ್ಯಾಡ್ರಿ, ಈಗ್ಲೇ ತರ್ರಿ" ಎಂದರು. ಪರಿಚಯದವರಿಲ್ಲದ ಕಡೆ ಪಶುವೈದ್ಯರ 1962 ಸಹಾಯವಾಣಿಗೆ ಫೋನು ಮಾಡಿ ಕೇಳಬಹುದು.

ಉಬ್ಬಿದ್ದು ಗಾಳಿ ಎಂದು ಅವರು ತೋರಿಸಿದರು. ಕೋಳಿಯ ಮೈತುಂಬ ಗಾಳಿಚೀಲಗಳಿವೆ, ಹಲ್ಲು ಒಂದನ್ನು ಚುಚ್ಚಿತ್ತು. ಶುದ್ಧ ಸೂಜಿಯಿಂದ ಒಂದು ಸಲ ಗಾಳಿ ಬಿಟ್ಟರು, ಉಬ್ಬು ಕುಸಿಯಿತು. ಮತ್ತೆ ಸ್ವಲ್ಪ ತುಂಬಿಕೊಂಡರೂ ಚೀಲ ತಾನೇ ಕೂಡಿಕೊಳ್ಳುತ್ತದೆ, ಬಾಯಿ ತೆರೆದು ಉಸಿರಾಡತೊಡಗಿದರೆ ಮಾತ್ರ ಬನ್ನಿ ಎಂದರು. ನಾಲ್ಕನೇ ದಿನಕ್ಕೆ ಅದು ಪೂರ್ತಿ ಇಳಿಯಿತು.

ಹೊಲಿಗೆ ಹಾಕುತ್ತಾರೆಂದು ನಾನು ನಂಬಿಕೊಂಡು ಹೋಗಿದ್ದೆ. ಹಾಕಲಿಲ್ಲ. ಕಚ್ಚಿದ ಗಾಯವನ್ನು ಹೊಲಿದರೆ ಕೀವಿಗೆ ದಾರಿಯಿಲ್ಲದೆ ಒಳಗೇ ಕೂರುತ್ತದೆ, ತೆರೆದಿದ್ದು ತಳದಿಂದ ತುಂಬಿ ಬರಲಿ ಎಂದರು.

ಔಷಧದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಮನೆಯಲ್ಲಿ ಮರಿಗಳು ಸಾಯುವುದು ಬಹಳ ಸಲ ಇಲ್ಲೇ. ಬರೆದುಕೊಟ್ಟದ್ದು ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್, ಕೋಳಿ ಔಷಧದ ಅಂಗಡಿಯಲ್ಲಿ ಸಿಗುವ ನೂರಕ್ಕೆ ಹತ್ತರ ದ್ರಾವಣ, ಅಂದರೆ 1 ಎಂಎಲ್‌ನಲ್ಲಿ 100 ಮಿಲಿಗ್ರಾಂ. ಈ ಮರಿಗೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ ಬೇಕಾದದ್ದು ಬರೀ 3 ಮಿಲಿಗ್ರಾಂ. ಬಾಟಲಿಯಿಂದ ನೇರ ತೆಗೆದರೆ ಅದು 0.03 ಎಂಎಲ್, ಒಂದು ಹನಿಗಿಂತ ಕಡಿಮೆ. ಕಣ್ಣಳತೆಯಲ್ಲಿ ಎರಡು ಹನಿ ಹಾಕಿದರೆ ಮೂರು ಪಟ್ಟು ಮೀರುತ್ತದೆ. ಹಾಗಾಗಿ 1 ಎಂಎಲ್ ಔಷಧಕ್ಕೆ 9 ಎಂಎಲ್ ಕುದಿಸಿ ಆರಿಸಿದ ನೀರು ಬೆರೆಸಿ, ಅದರಲ್ಲಿ 0.3 ಎಂಎಲ್ ಸಿರಿಂಜಿನಲ್ಲಿ ಎಳೆದು, ಬಾಯಿಗೆ, ದಿನಕ್ಕೊಮ್ಮೆ, ಐದು ದಿನ. ದಿನಾ ಹೊಸದಾಗಿ ಬೆರೆಸಿದ್ದು. ಇದು ಬೂದಿಯ ತೂಕಕ್ಕೆ ಡಾಕ್ಟರು ಹಾಕಿಕೊಟ್ಟ ಲೆಕ್ಕ. ನಿಮ್ಮ ಮರಿಯನ್ನು ತೂಗಿ, ನಿಮ್ಮ ಡಾಕ್ಟರ ಬಾಯಿಂದಲೇ ಲೆಕ್ಕ ಕೇಳಿ. ಮತ್ತು ಔಷಧ ನುಂಗಿದ ಕೋಳಿಯನ್ನು ಅವರು ಹೇಳಿದಷ್ಟು ದಿನ ಕೊಯ್ಯಬೇಡಿ.

ನೋವಿಗೆ ಮೆಲೋಕ್ಸಿಕ್ಯಾಮ್ ಮೂರು ದಿನ ಕೊಟ್ಟರು. ನಮ್ಮ ಓಣಿಯಲ್ಲಿ ಒಬ್ಬರು ಮನುಷ್ಯರ ಮೈಕೈ ನೋವಿನ ಡೈಕ್ಲೋಫೆನಾಕ್ ಗುಳಿಗೆ ಪುಡಿ ಮಾಡಿ ಹಾಕಿ ಎಂದಿದ್ದರು. ಅದೇ ಔಷಧ ಹಾಕಿದ ದನಗಳ ಹೆಣ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವೆಂದೇ ಸರಕಾರ 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದ್ದು. ಕೋಳಿಯ ಮೂತ್ರಪಿಂಡಕ್ಕೂ ಅದು ವಿಷವೇ. ಮರಗಟ್ಟಿಸುವ ಮದ್ದು ಸೇರಿಸಿದ ಮುಲಾಮುಗಳನ್ನೂ ಹಚ್ಚಬೇಡಿ ಎಂದರು, ಸಣ್ಣ ಹಕ್ಕಿಗೆ ಅವು ತಡೆಯುವುದಿಲ್ಲ.

ಹಸಿರು

ಸೋಮವಾರ ಬೆಳಗ್ಗೆ ಬಟ್ಟೆ ಸರಿಸಿದವಳೇ ಕೂತುಬಿಟ್ಟೆ. ಮರಿಯ ಎಡ ಪಕ್ಕೆಯಿಂದ ತೊಡೆಯವರೆಗೆ ಚರ್ಮ ಹಸಿರಾಗಿತ್ತು. ತೆಳು ಹಸಿರಲ್ಲ, ಹೀರೇಕಾಯಿ ಸಿಪ್ಪೆಯ ಹಸಿರು. ಅತ್ತೆ ಬಗ್ಗಿ ನೋಡಿ, "ಒಳಗ ಕೊಳತೈತಿ ಯವ್ವಾ. ನಾ ಮೊದ್ಲ ಹೇಳಿದ್ನಿ" ಎಂದರು. ನನಗೂ ಹಾಗೇ ಅನ್ನಿಸಿತು. ಮಗಳು ಶಾಲೆಗೆ ಹೋದ ಮೇಲೆ ಮುಗಿಸಿಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ ಕೂಡ.

ಆದರೆ ಮರಿ ನಿಂತಿತ್ತು. ತಟ್ಟೆಯ ನುಚ್ಚು ಕುಕ್ಕುತ್ತಿತ್ತು. ಹಸಿರು ಜಾಗ ಮುಟ್ಟಿದರೆ ಬೆಚ್ಚಗಿತ್ತು. ಮೂಗು ಹತ್ತಿರ ಒಯ್ದು ಮೂಸಿದೆ: ಬೆಟಾಡಿನ್ ವಾಸನೆ, ಪುಕ್ಕದ ವಾಸನೆ, ಅಷ್ಟೇ. ಕೊಳೆತ ಮಾಂಸಕ್ಕೆ ವಾಸನೆ ಇರದೆ ಇರುತ್ತದೆಯೇ?

ಡಾಕ್ಟರಿಗೆ ಫೋನು ಮಾಡಿದೆ. ಅವರು ನಕ್ಕುಬಿಟ್ಟರು, ಆಮೇಲೆ ವಿವರವಾಗಿ ಹೇಳಿದರು. ಪೆಟ್ಟುಬಿದ್ದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗುವಾಗ ಮೊದಲು ಬಿಲಿವರ್ಡಿನ್ ಎಂಬ ಹಸಿರು ವಸ್ತುವಾಗುತ್ತದೆ. ನಮ್ಮ ಮೈಯಲ್ಲಿ ಒಂದು ಕಿಣ್ವ ಅದನ್ನು ಮುಂದೆ ಹಳದಿಯ ಬಿಲಿರುಬಿನ್ ಮಾಡುತ್ತದೆ. ಅದಕ್ಕೇ ನಮ್ಮ ಕಂದುಗಾಯ ಕೊನೆಗೆ ಹಳದಿಯಾಗುವುದು. ಕೋಳಿಗಳಲ್ಲಿ ಆ ಕಿಣ್ವದ ಕೆಲಸ ಇಲ್ಲವೆನ್ನುವಷ್ಟು ಕಡಿಮೆ, ಬಣ್ಣ ಹಸಿರಿಗೇ ನಿಲ್ಲುತ್ತದೆ. ಪೆಟ್ಟಾದ ಎರಡನೇ ಮೂರನೇ ದಿನ ಹಸಿರು ಕಂಡರೆ ಮೈ ಗುಣವಾಗುತ್ತಿದೆ ಎಂದೇ ಅರ್ಥ. ಕೊಳೆತದ್ದಾದರೆ ಜಾಗ ತಣ್ಣಗಾಗಿ ಕಪ್ಪಾಗುತ್ತದೆ, ಜಿಗುಟಾಗಿ ನಾರುತ್ತದೆ, ಮರಿ ಮೂಲೆ ಹಿಡಿಯುತ್ತದೆ.

ಈ ಒಂದು ಮಾತು ಗೊತ್ತಿಲ್ಲದೆ ಹದಿನಾರು ವರ್ಷದಲ್ಲಿ ನಾವು ಎಷ್ಟು ಮರಿಗಳನ್ನು ಕೊಯ್ದೆವೋ. ಬದುಕುತ್ತಿದ್ದ ಮರಿಗಳನ್ನು, ಬದುಕುತ್ತಿದ್ದ ಗುರುತನ್ನೇ ನೋಡಿ ಕೊಯ್ದೆವು. ಅವತ್ತು ಇಡೀ ದಿನ ಇದು ನನ್ನನ್ನು ಬಿಡಲಿಲ್ಲ.

ಅದರ ಹಿಕ್ಕೆಯೂ ಮೊದಲೆರಡು ದಿನ ಹಚ್ಚ ಹಸಿರಾಗಿತ್ತು. ಅದಕ್ಕೆ ಕಾರಣ ಬೇರೆ. ಮರಿ ಏನೂ ತಿಂದಿರಲಿಲ್ಲ, ಖಾಲಿ ಕರುಳಿನಿಂದ ಪಿತ್ತ ಮಾತ್ರ ಬರುತ್ತಿತ್ತು. ಬೇಯಿಸಿದ ತತ್ತಿಯ ಹಳದಿಯನ್ನು ಮರಿಗಳ ಸ್ಟಾರ್ಟರ್ ಫೀಡಿಗೆ ಕಲಸಿ ಕೊಡತೊಡಗಿದ ಮೇಲೆ ಸರಿಹೋಯಿತು. ಚರ್ಮ ಕಟ್ಟಲು ಪ್ರೋಟೀನ್ ಬೇಕು, ಬರೀ ಅಕ್ಕಿನುಚ್ಚು ಸಾಲದು. ರಾತ್ರಿ ಕೊರಳ ಬುಡದ ಕಾಳಿನ ಚೀಲ ತುಂಬಿ ಗಟ್ಟಿಯಾಗಿದ್ದು, ಬೆಳಗ್ಗೆ ಖಾಲಿಯಾಗಿದೆಯೇ ಎಂದು ಬೆರಳಿಂದ ನೋಡುತ್ತಿದ್ದೆವು. ಖಾಲಿಯಾಗಿದ್ದರೆ ಹೊಟ್ಟೆ ನಡೆಯುತ್ತಿದೆ ಎಂದರ್ಥ.

ನೊಣ

ನಾಲ್ಕನೇ ದಿನ ತೂಕ 288ಕ್ಕೆ ಇಳಿದಿತ್ತು. ಅದೇ ದಿನ ಗಾಯದ ಅಂಚಿನ ಚರ್ಮ ಎತ್ತಿದರೆ ಕೆಳಗೆ ರವೆ ಚೆಲ್ಲಿದಂತೆ ಬಿಳಿ ಗುಂಪು. ನೊಣದ ತತ್ತಿ. ಕೆಲವು ಆಗಲೇ ಒಡೆದು ಹುಳುಗಳು ಮಿಸುಕಾಡುತ್ತಿದ್ದವು. ಹಿಂದಿನ ಮಧ್ಯಾಹ್ನ ಡಬ್ಬಿಯ ಹಾಸು ಬದಲಿಸುವಾಗ ಸೊಳ್ಳೆ ಪರದೆ ತೆಗೆದು ಹಿತ್ತಲಲ್ಲಿ ಅರ್ಧ ತಾಸು ಬಿಟ್ಟಿದ್ದೆ. ಆ ಅರ್ಧ ತಾಸು ಸಾಕಾಯಿತು. ನಮ್ಮ ಸೆಕೆಗೆ ತತ್ತಿ ಒಡೆಯಲು ಒಂದು ದಿನವೂ ಬೇಕಿಲ್ಲ.

ಚಿಮಟದಿಂದ ಹದಿಮೂರು ಹುಳು ಹಿಡಿದು ತೆಗೆದೆ, ತತ್ತಿಗಳನ್ನು ಉಪ್ಪುನೀರು ಚಿಮ್ಮಿಸಿ ತೊಳೆದೆ. ದನಕ್ಕೆ ಹುಳು ಬಿದ್ದಾಗ ಹಾಕುವ ಟರ್ಪೆಂಟೈನ್ ಹಾಕಿ ಎಂದವರಿದ್ದರು. ನಾನೂರು ಕಿಲೋ ಎತ್ತಿಗೆ ಹಾಕುವುದನ್ನು ಮುನ್ನೂರು ಗ್ರಾಂ ಮರಿಗೆ ಹಾಕಲಾಗುತ್ತದೆಯೇ? ಚರ್ಮದಿಂದಲೇ ಒಳಗಿಳಿದು ಕೊಲ್ಲುತ್ತದೆ. ಜೇನುತುಪ್ಪ ಗಾಯಕ್ಕೆ ಒಳ್ಳೆಯದೇ, ಆದರೆ ನಮ್ಮ ಮನೆಯ ಇರುವೆಗಳ ಕಾಟದಲ್ಲಿ ಅದಕ್ಕೆ ಧೈರ್ಯ ಸಾಲಲಿಲ್ಲ. ಅವತ್ತಿನಿಂದ ದಿನಕ್ಕೆ ಮೂರು ಸಲ ನೋಡಿದೆವು: ಬೆನ್ನು, ಕಂಕುಳು, ಹಿಕ್ಕೆ ಅಂಟುವ ಹಿಂಭಾಗ. ಹಾಸು ಬದಲಿಸುವುದು ಕೋಣೆಯೊಳಗೆ ಬಾಗಿಲು ಹಾಕಿಕೊಂಡೇ. ಪ್ರತಿ ಸಲ ಮುಗಿದ ಮೇಲೆ ಮಗಳೂ ನಾನೂ ಸಾಬೂನಿನಿಂದ ಕೈ ತೊಳೆದೆವು.

ಮುಂದಿನ ಮೂರು ವಾರ

ಇಲ್ಲಿಂದ ಹೇಳುವಂಥದ್ದು ಕಡಿಮೆ, ಕಾಯುವುದೇ ಹೆಚ್ಚು. ಆರನೇ ದಿನ ಹೊದಿಸಿದ ಚರ್ಮದ ಅಂಚು ಒಣಗಿ ಕಪ್ಪಾಗಿ ಉದುರಿತು. ಏಳನೇ ದಿನ ಅದರ ಕೆಳಗೆ ಹೊಸ ಮಾಂಸ ಕಂಡಿತು, ಬಿಡಿಸಿಟ್ಟ ದಾಳಿಂಬೆಯಂತೆ ಕೆಂಪು, ಸಣ್ಣ ಸಣ್ಣ ಕಾಳು, ತೇವದ ಹೊಳಪು. ಕಂಕುಳ ತೂತುಗಳನ್ನು ಬೇಗ ಮುಚ್ಚಿಕೊಳ್ಳಲು ಬಿಡದೆ ದಿನಾ ಒತ್ತಿ ನೋಡುತ್ತಿದ್ದೆ. ಎಂಟನೇ ದಿನಕ್ಕೆ ಅಲ್ಲಿ ಏನೂ ಬರಲಿಲ್ಲ, ಬಾವೂ ಇಳಿದಿತ್ತು. ಹನ್ನೆರಡನೇ ದಿನ ತೂಕ 335. ಹದಿನಾಲ್ಕಕ್ಕೆ ಗಾಯ ಅರ್ಧಕ್ಕೆ ಬಂತು. ಇಪ್ಪತ್ತೊಂದಕ್ಕೆ ಹೆಕ್ಕಳಿಕೆ ಬಿದ್ದು ಗುಲಾಬಿ ಚರ್ಮ ಕಂಡಿತು.

ಒಂಟಿ ಮರಿ ಸೊರಗುತ್ತದೆ. ಐದನೇ ದಿನದಿಂದ ಅದರ ಜೊತೆಯ ಒಂದು ಮರಿಯನ್ನು ಪಕ್ಕದಲ್ಲಿಟ್ಟೆವು, ನಡುವೆ ತಂತಿ ಜಾಲರಿ ಹಾಕಿ. ಒಟ್ಟಿಗೆ ಬಿಡುವಂತಿರಲಿಲ್ಲ, ಕೆಂಪು ಕಂಡರೆ ಒಡಹುಟ್ಟಿದ ಮರಿಯೂ ಕುಕ್ಕುತ್ತದೆ. ಎಂಟನೇ ವಾರಕ್ಕೆ ಹಾಕಿಸಬೇಕಿದ್ದ ಕೊಕ್ಕರೆ ರೋಗದ ಆರ್‌2ಬಿ ಲಸಿಕೆಯನ್ನು ಈ ಮರಿಗೆ ಮಾತ್ರ ಮುಂದೂಡಿದೆವು, ಸುಸ್ತಿನಲ್ಲಿದ್ದ ಮೈಗೆ ಅದು ಭಾರ. 27ನೇ ದಿನ, 425 ಗ್ರಾಂ ತೂಗಿದ ಬೂದಿಯನ್ನು ಕತ್ತಲಾದ ಮೇಲೆ ಉಳಿದವು ಕೂತಿದ್ದ ಗೂಡಿಗೆ ಸೇರಿಸಿದೆವು. ಕತ್ತಲಲ್ಲಿ ಸೇರಿಸಿದರೆ ಜಗಳ ಕಡಿಮೆ. ಎರಡು ದಿನ ಕುಕ್ಕಿಸಿಕೊಂಡಿತು, ಮೂರನೇ ದಿನ ತಾನೇ ಇನ್ನೊಂದನ್ನು ಕುಕ್ಕಿತು.

ಬೆನ್ನ ನಡುವೆ ಕಿರುಬೆರಳಿನಷ್ಟು ಪಟ್ಟಿ ಬೋಳಾಗಿ ಉಳಿದಿದೆ, ಪುಕ್ಕದ ಬೇರೇ ಹೋದ ಜಾಗ ಅದು. ಖರ್ಚು ಬಸ್ಸಿನದೂ ಸೇರಿ 390 ರೂಪಾಯಿ. ಆ ಮರಿ ಮಾರಿದ್ದರೆ ಅಷ್ಟು ಬರುತ್ತಿರಲಿಲ್ಲ, ಅದು ನನಗೆ ಗೊತ್ತು.

ಹೋದ ತಿಂಗಳು ಓಣಿಯ ಹುಡುಗನೊಬ್ಬ ನಾಯಿ ಕಚ್ಚಿದ ಮರಿಯನ್ನು ಅಂಗಿಯಲ್ಲಿ ಸುತ್ತಿಕೊಂಡು ಓಡಿ ಬಂದ. ನಾನು ಗದ್ದೆಯಲ್ಲಿದ್ದೆ. ಬರುವಷ್ಟರಲ್ಲಿ ಅತ್ತೆ ಅದನ್ನು ಡಬ್ಬಿಗೆ ಹಾಕಿ, ಬಿಸಿನೀರಿನ ಬಾಟಲಿ ಇಟ್ಟು, ಪಾದ ಮುಟ್ಟಿ ನೋಡುತ್ತಾ ಕೂತಿದ್ದರು. ಅರಿಷಿಣದ ಡಬ್ಬಿ ಹೊರಗೆ ಬಂದಿರಲಿಲ್ಲ. ರೆಕ್ಕೆ ಎತ್ತಿ ನನಗೆ ತೋರಿಸಿದರು. ಹೊಟ್ಟೆಯ ಪಕ್ಕ ಹರಿದು ಕರುಳು ಹೊರಗಿತ್ತು, ಕಾಲು ಬೆರಳು ಹಿಡಿಯುತ್ತಿರಲಿಲ್ಲ.

"ಇದಕ್ಕ ಆಗಂಗಿಲ್ಲ ನೋಡು" ಎಂದರು. ಹುಡುಗನನ್ನು ಮಗಳ ಜೊತೆ ಅಂಗಡಿಗೆ ಕಳಿಸಿ, ತಾವೇ ಎದ್ದು ಕುಡಗೋಲು ತಂದರು.